ಆಲೂರು ವೆಂಕಟರಾಯರು ಮತ್ತು ಗಡಿನಾಡಿನ ಮಕ್ಕಳು

ನಮ್ಮ ಶಾಲೆಯ ಸುವರ್ಣ ಮಹೋತ್ಸವ ಸಂಚಿಕೆಗೆ ನಾಲ್ಕು ಮಾತು ಬರೆದುಕೊಡಬೇಕೆಂದು ಸಮಿತಿಯವರು ಅಪೇಕ್ಷಿಸಿದರು. ಶಾಲೆ ಬೆಳೆದುಬಂದ ಬಗೆಯನ್ನು ಹೇಳಲು ಹಿರಿಯರು ಅನೇಕರಿದ್ದಾರೆ. ಆದುದರಿಂದ, ಚರಿತ್ರೆಯ ಪಾಠ ಹೇಳುವಾಗಲೆಲ್ಲ ನಾನು ತಪ್ಪದೆ ಸ್ಮರಿಸುತ್ತಿದ್ದ ಮಹನೀಯರೊಬ್ಬರ ಜೀವನವನ್ನು ಇಲ್ಲಿ ನಿರೂಪಿಸುತ್ತೇನೆ. ಅವರೇ ಆಲೂರು ವೆಂಕಟರಾಯರು.

ವೆಂಕಟರಾಯರು ಜನಿಸಿದ್ದು 1880ರಲ್ಲಿ, ವಿಜಾಪುರದಲ್ಲಿ. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಪದವಿ ಪಡೆದು, ಮುಂಬಯಿಯಲ್ಲಿ ಕಾನೂನು ವ್ಯಾಸಂಗ ಮುಗಿಸಿ, ಧಾರವಾಡದಲ್ಲಿ ವಕೀಲಿ ವೃತ್ತಿಯನ್ನು ಕೈಗೊಂಡರು. ಆದರೆ ಲೋಕಮಾನ್ಯ ತಿಲಕರ ಪ್ರಭಾವವೂ ಹಂಪೆಯ ಅವಶೇಷಗಳ ದರ್ಶನವೂ ಅವರ ಬಾಳಿನ ದಿಕ್ಕನ್ನೇ ಬದಲಿಸಿದವು. ಕೈತುಂಬ ಸಂಪಾದನೆ ತರಬಹುದಾಗಿದ್ದ ವೃತ್ತಿಯನ್ನು ತೊರೆದು, ಕನ್ನಡಿಗರಿಗೆ ಅವರ ಪೂರ್ವಜರನ್ನು ಪರಿಚಯಿಸುವ ಕಾಯಕಕ್ಕೆ ತಮ್ಮನ್ನು ಒಪ್ಪಿಸಿಕೊಂಡರು. 1917ರಲ್ಲಿ ಅವರ ‘ಕರ್ನಾಟಕ ಗತವೈಭವ’ ಪ್ರಕಟವಾಯಿತು. ತಿಲಕರ ‘ಗೀತಾರಹಸ್ಯ’ವನ್ನು ಕನ್ನಡಕ್ಕೆ ತಂದರು, ‘ಜಯಕರ್ನಾಟಕ’ ಪತ್ರಿಕೆಯನ್ನು ನಡೆಸಿದರು, 1930ರ ಮೈಸೂರು ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ನಾಡು ಅವರನ್ನು ಕನ್ನಡ ಕುಲಪುರೋಹಿತರೆಂದು ಗೌರವಿಸಿತು.

ವಕೀಲನು ಚರಿತ್ರಕಾರನಾಗುವುದು ಲೋಕಕ್ಕೆ ಹೊಸದಲ್ಲ. ಇಂಗ್ಲೆಂಡಿನ ವಕೀಲ ಜಾನ್ ಸೆಲ್ಡನ್ 1618ರಲ್ಲಿ ಚರ್ಚಿನ ದಶಾಂಶ ತೆರಿಗೆಯ ಚರಿತ್ರೆಯನ್ನು ಬರೆದು ಅಧಿಕಾರಸ್ಥರ ಕೋಪಕ್ಕೆ ಗುರಿಯಾದನು. ನ್ಯಾಯಾಲಯದಲ್ಲಿ ಹೇಗೋ ಚರಿತ್ರೆಯಲ್ಲಿಯೂ ಹಾಗೆಯೇ: ಬಾಯಿಮಾತು ಸಾಲದು, ಸಾಕ್ಷ್ಯ ಬೇಕು. ವೆಂಕಟರಾಯರು ಕನ್ನಡಿಗರ ಪರವಾಗಿ ಶಾಸನ, ಶಿಲ್ಪ, ದೇವಾಲಯಗಳನ್ನೇ ಸಾಕ್ಷಿಗೆ ಕರೆದರು.

1956ರ ನವೆಂಬರ್ 1ರಂದು ಕನ್ನಡ ಪ್ರದೇಶಗಳು ಒಂದಾದವು. ನಮ್ಮ ಹೊಸೂರು ಸೀಮೆ ಮಾತ್ರ ಮದರಾಸು ರಾಜ್ಯದಲ್ಲಿಯೇ ಉಳಿಯಿತು. ‘ಸಾರ್, ನಾವು ಆ ಕರ್ನಾಟಕದಲ್ಲಿ ಇಲ್ಲವಲ್ಲ, ಈ ಕಥೆ ನಮಗೇಕೆ?’ ಎಂದು ಮಕ್ಕಳು ಕೇಳುತ್ತಿದ್ದುದುಂಟು. ನಾನು ಹೇಳುತ್ತಿದ್ದ ಉತ್ತರ ಇಷ್ಟೇ: ವೆಂಕಟರಾಯರು ಆ ಗ್ರಂಥವನ್ನು ಬರೆದಾಗ ಕರ್ನಾಟಕವೆಂಬ ರಾಜ್ಯವೇ ಭೂಪಟದಲ್ಲಿರಲಿಲ್ಲ. ಅವರೂ ಮುಂಬಯಿ ಪ್ರಾಂತದ ಪ್ರಜೆಯಾಗಿದ್ದವರೇ. ರಾಜ್ಯವಿಲ್ಲದ ಕನ್ನಡಿಗರಿಗಾಗಿಯೇ ಅವರು ಬರೆದರು. ಆ ಲೆಕ್ಕದಲ್ಲಿ ಅವರು ಬೆಂಗಳೂರಿನವರಿಗಿಂತಲೂ ಸಾನಮಾವಿನ ನಮಗೇ ಹೆಚ್ಚು ಹತ್ತಿರದವರು. 1964ರಲ್ಲಿ ಅವರು ಕಣ್ಮುಚ್ಚಿದಾಗಲೂ ಆ ರಾಜ್ಯಕ್ಕೆ ಮೈಸೂರೆಂಬ ಹೆಸರೇ ಇತ್ತು. ಕರ್ನಾಟಕವೆಂಬ ನಾಮಕರಣವಾದದ್ದು 1973ರಲ್ಲಿ.

ಕನ್ನಡದ ಅಭಿಮಾನವು ಭಾರತದ ಅಭಿಮಾನಕ್ಕೆ ವಿರೋಧಿಯಲ್ಲವೆಂಬುದು ಅವರ ದೃಢವಾದ ನಿಲುವು. ನಮ್ಮ ಮಕ್ಕಳೂ ಶಾಲೆಯಲ್ಲಿ ತಮಿಳನ್ನು ಚೆನ್ನಾಗಿ ಕಲಿಯಲಿ, ನೆರೆಮನೆಯವರೊಡನೆ ತೆಲುಗಿನಲ್ಲಿ ಮಾತನಾಡಲಿ. ಅದು ಈ ಸೀಮೆಯ ಸೊಬಗು. ಆದರೆ ಮನೆಯ ಭಾಷೆಯನ್ನು ಓದಲು ಬರೆಯಲು ಬಾರದ ತಲೆಮಾರು ಬೆಳೆದರೆ, ಅಜ್ಜ ಬರೆದಿಟ್ಟ ಕಾಗದವೂ ಮೊಮ್ಮಗನಿಗೆ ಮೂಕವಾಗುತ್ತದೆ.

ಹಳೆಯ ವಿದ್ಯಾರ್ಥಿಗಳಲ್ಲಿ ನನ್ನ ಬಿನ್ನಹ ಎರಡು. ಈ ಜಿಲ್ಲೆಯ ಊರೂರುಗಳಲ್ಲಿ ವೀರಗಲ್ಲುಗಳಿವೆ. ಹೊಲದ ಬದುವಿನಲ್ಲಿ ಅಂತಹ ಕಲ್ಲು ಕಂಡರೆ ತಳಪಾಯಕ್ಕೆ ಹಾಕಗೊಡಬೇಡಿರಿ. ಅದು ನಮ್ಮ ಸಾಕ್ಷಿ. ಎರಡನೆಯದಾಗಿ, ನಿಮ್ಮ ಮಕ್ಕಳು ಯಾವ ಊರಿನ ಯಾವ ಶಾಲೆಯಲ್ಲಿ ಓದುತ್ತಿದ್ದರೂ ಅವರಿಗೆ ಕನ್ನಡದ ಅಕ್ಷರಗಳನ್ನು ನೀವೇ ಕಲಿಸಿರಿ. ಶಾಲೆಗೂ ಅದರ ಮಕ್ಕಳಿಗೂ ಶುಭವಾಗಲಿ.