ಇಡ್ಲಿ ಸ್ಟ್ಯಾಂಡಿನಲ್ಲಿ ಇಪ್ಪತ್ತು ಟ್ಯಾಪೆಟ್

ಸ್ಕೋಡಾ ಆಕ್ಟೇವಿಯಾ ವಿಆರ್‌ಎಸ್ ಭಾರತಕ್ಕೆ ಬಂದದ್ದು 2004ರಲ್ಲಿ. 1.8 ಲೀಟರಿನ ಪೆಟ್ರೋಲ್ ಎಂಜಿನ್, ಅದಕ್ಕೊಂದು ಟರ್ಬೊ, 150 ಅಶ್ವಶಕ್ತಿ. ಯುರೋಪಿನಲ್ಲಿ ಇದೇ ಹೆಸರಿನ ಕಾರಿಗೆ 180 ಇತ್ತು; ಇಲ್ಲಿಯವರಿಗೆ ಮೂವತ್ತು ಕಡಿಮೆ ಕೊಟ್ಟರು. ನಾಲ್ಕು ಬಾಗಿಲು, ಮದುವೆ ಮನೆಯ ಸಾಮಾನು ಹಿಡಿಸುವ ಡಿಕ್ಕಿ ಇರುವ ಗಾಡಿಯನ್ನು ಸ್ಪೋರ್ಟ್ಸ್ ಕಾರ್ ಅನ್ನಬಹುದೇ ಎಂದು ಶುದ್ಧವಾದಿಗಳು ಕೇಳುತ್ತಾರೆ. ಎರಡು ಸೀಟಿನ ಕಾರು ಕೊಳ್ಳುವ ಅನುಕೂಲವಿಲ್ಲದ, ಆದರೆ ವೇಗದ ಹುಚ್ಚಿದ್ದ ಒಂದು ತಲೆಮಾರಿನ ಸಂಬಳದಾರರಿಗೆ ಅದೇ ಸ್ಪೋರ್ಟ್ಸ್ ಕಾರು.

ಅಂಥದ್ದೊಂದು ಕಾರು ವಡೋದರಾದ ಸೊಸೈಟಿಯೊಂದರ ಪಾರ್ಕಿಂಗಿನಲ್ಲಿದೆ. ನಂಬರು ಜಿಜೆ-6. ಯಜಮಾನರು ದಾವಣಗೆರೆ ಕಡೆಯವರು. ಕೊಯಲಿ ರಿಫೈನರಿಯ ಆಸುಪಾಸಿನ ಕಾರ್ಖಾನೆಯೊಂದರಲ್ಲಿ ಪಂಪುಗಳ ಮೇಂಟೆನೆನ್ಸ್ ನೋಡಿಕೊಳ್ಳುತ್ತಾರೆ. 2011ರಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡ ಗಾಡಿ. ಮೊದಲ ನೋಂದಣಿ 2006ರ ಫೆಬ್ರವರಿ, ಅಂದರೆ 2026ರ ಫೆಬ್ರವರಿಗೆ ಇಪ್ಪತ್ತು ವರ್ಷ. ಹಳೆಯ ಕಾರಿನ ನೋಂದಣಿ ನವೀಕರಣಕ್ಕೆ 600 ರೂಪಾಯಿ ಇದ್ದದ್ದು 2022ರ ಏಪ್ರಿಲ್‌ನಿಂದ 5,000 ಆಗಿತ್ತು. ಇಪ್ಪತ್ತು ದಾಟಿದ ಕಾರುಗಳಿಗೆ 2025ರ ಆಗಸ್ಟಿನಲ್ಲಿ 10,000 ಮಾಡಿದರು. ಹಣಕ್ಕಿಂತ ದೊಡ್ಡದು ಫಿಟ್‌ನೆಸ್ಸಿನ ಚಿಂತೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಸೈಲೆನ್ಸರಿನಿಂದ ನೀಲಿ ಹೊಗೆ. ಟೈಮಿಂಗ್ ಬೆಲ್ಟ್ ಕಡೆಯ ಸಲ ಬದಲಾದದ್ದು ಯಾವಾಗ ಎನ್ನುವುದಕ್ಕೆ ಕಾಗದವಿಲ್ಲ. ಊರಿನ ಒಂದು ವರ್ಕ್‌ಶಾಪಿನವರು ಕೊಟ್ಟ ಅಂದಾಜು ಕಾರಿನ ಬೆಲೆಯನ್ನೇ ಮೀರಿತು. ಮಾರಿದರೆ ಗುಜರಿಯವನ ಪಾಲು, ಬಿಟ್ಟರೆ ಬೆಲ್ಟ್ ಎಂದೋ ಒಂದು ದಿನ ತುಂಡಾಗುತ್ತದೆ. ಹೀಗಾಗಿ ಗಣೇಶನ ವಿಸರ್ಜನೆ ಮುಗಿದ ಮೇಲೆ, ಮಳೆಯೂ ಹಿಂದೆ ಸರಿದಾಗ, ಬಾನೆಟ್ ತೆರೆದರು.

ಬೆಲ್ಟಿನ ಭಯ ಸುಮ್ಮನೆ ಹುಟ್ಟಿದ್ದಲ್ಲ. ಈ ಎಂಜಿನ್ನಿನ ಪ್ರತಿ ಸಿಲಿಂಡರಿಗೆ ಐದು ವಾಲ್ವ್: ಗಾಳಿ ಒಳಗೆ ಬರಲು ಮೂರು, ಹೊಗೆ ಹೊರಗೆ ಹೋಗಲು ಎರಡು. ನಾಲ್ಕು ಸಿಲಿಂಡರಿಗೆ ಇಪ್ಪತ್ತು. ವಾಲ್ವ್ ಕೆಳಗಿಳಿದಾಗ ತಲುಪುವ ಜಾಗಕ್ಕೇ ಪಿಸ್ಟನ್ ಕೂಡ ಏರಿ ಬರುತ್ತದೆ. ಇಬ್ಬರೂ ಬೇರೆ ಬೇರೆ ಹೊತ್ತಿಗೆ ಬರುವಂತೆ ನೋಡಿಕೊಳ್ಳುವುದು ಆ ರಬ್ಬರ್ ಬೆಲ್ಟ್. ಅಹಮದಾಬಾದ್–ವಡೋದರಾ ನಡುವಿನ 93 ಕಿಲೋಮೀಟರಿನ ಎಕ್ಸ್‌ಪ್ರೆಸ್‌ವೇಯಲ್ಲಿ ಅದು ಹರಿದರೆ ಪಿಸ್ಟನ್ ಹೋಗಿ ವಾಲ್ವಿಗೆ ಗುದ್ದುತ್ತದೆ, ವಾಲ್ವ್ ಬಾಗುತ್ತದೆ, ಎಂಜಿನ್ನಿನ ಕಥೆ ಅಲ್ಲಿಗೆ ಮುಗಿಯಿತು. ನೀರಿನ ಪಂಪನ್ನು ತಿರುಗಿಸುವುದೂ ಅದೇ ಬೆಲ್ಟ್. ಆ ಪಂಪಿನ ಒಳಗಿನ ಚಕ್ರ ಕೆಲವದರಲ್ಲಿ ಪ್ಲಾಸ್ಟಿಕ್ಕಿನದು. ವರ್ಷಗಳ ಬಿಸಿಗೆ ಒಡೆಯುತ್ತದೆ, ಇಲ್ಲವೇ ದಂಡದ ಮೇಲೆಯೇ ಸಡಿಲಾಗುತ್ತದೆ. ದಂಡ ತಿರುಗುತ್ತಿರುತ್ತದೆ, ನೀರು ಮಾತ್ರ ಹರಿಯುವುದಿಲ್ಲ. ದಿನವಿಡೀ ಪಂಪು ನೋಡುವವರಿಗೆ ಇದನ್ನು ಎರಡು ಸಲ ಹೇಳಬೇಕಿಲ್ಲ. ಬೆಲ್ಟಿನ ಜೊತೆಗೇ ಲೋಹದ ಚಕ್ರದ ಪಂಪು, ಟೆನ್ಷನರ್, ರೋಲರ್ ಎಲ್ಲ ತರಿಸಿದರು.

ಬೆಲ್ಟ್ ತೆಗೆಯಬೇಕಾದರೆ ಬಲಗಡೆಯ ಎಂಜಿನ್ ಮೌಂಟಿಂಗ್ ಬಿಚ್ಚಬೇಕು. ಎಂಜಿನ್ ಜಾರದಂತೆ ಕೆಳಗಿನಿಂದ ಜಾಕ್ ಕೊಟ್ಟು, ಅಲ್ಯೂಮಿನಿಯಮ್ಮಿನ ಆಯಿಲ್ ಚೇಂಬರಿಗೆ ಪೆಟ್ಟಾಗದ ಹಾಗೆ ನಡುವೆ ಹಲಗೆ ಇಡಬೇಕು. ನೀಲಿ ಹೊಗೆಗೆ ಕಾರಣ ವಾಲ್ವ್ ಸೀಲು ಇರಬಹುದೆಂದು ಹೆಡ್ಡನ್ನೂ ಇಳಿಸಿದರು. ಆಗ ಇಪ್ಪತ್ತು ಟ್ಯಾಪೆಟ್ ಹೊರಗೆ ಬಂದವು. ಒಂದೊಂದೂ ತನ್ನ ಕುಳಿಯಲ್ಲಿ, ತನ್ನ ಕ್ಯಾಮಿನ ಕೆಳಗೆ ಇಷ್ಟು ವರ್ಷ ಸವೆದು ಹೊಂದಿಕೊಂಡಿದೆ; ಮರಳಿ ಅದೇ ಕುಳಿಗೇ ಹೋಗಬೇಕು. ಮನೆಯಲ್ಲಿದ್ದ ಹಳೆಯ ಇಡ್ಲಿ ಸ್ಟ್ಯಾಂಡಿಗೆ ಐದು ತಟ್ಟೆ, ತಟ್ಟೆಗೆ ನಾಲ್ಕು ಗುಳಿ. ಗುಳಿ ಸಿಲಿಂಡರಿನ ನಂಬರು, ತಟ್ಟೆ ವಾಲ್ವಿನ ನಂಬರು. ಜರ್ಮನ್ ಎಂಜಿನಿಯರುಗಳು ಇಡ್ಲಿ ಸ್ಟ್ಯಾಂಡ್ ನೋಡಿಯೇ ಈ ಹೆಡ್ ಮಾಡಿದರೇನೋ ಎನ್ನುವಷ್ಟು ಸರಿ ಹೊಂದಿತು. "ಅದು ಇನ್ನು ಅಡುಗೆಮನೆ ಹೊಸಿಲು ದಾಟಬಾರದು, ನೋಡ್ರಿ" ಎಂದು ಹೆಂಡತಿ ಅಂದೇ ಹೊಸ ಸ್ಟ್ಯಾಂಡ್ ತಂದರು.

ಮನೆಯಲ್ಲೇ ಎಂಜಿನ್ ಕೆಲಸ ಎಂದರೆ ಎಲ್ಲವೂ ಮನೆಯಲ್ಲೇ ಎಂದಲ್ಲ. ತಾಳ್ಮೆ ಬೇಡುವ ಕೆಲಸ ಮನೆಯದು: ಬಿಚ್ಚುವುದು, ತೊಳೆಯುವುದು, ಗುರುತು ಹಾಕುವುದು, ಫೋಟೋ ತೆಗೆಯುವುದು, ಹಳೆಯ ಗ್ಯಾಸ್ಕೆಟ್ಟನ್ನು ಗೀರು ಬೀಳದಂತೆ ಕೆರೆಯುವುದು. ವರ್ಕ್‌ಶಾಪಿನಲ್ಲಿ ಹೊತ್ತಿಗೆ ಬೆಲೆ ಇರುವುದರಿಂದ ಅಲ್ಲಿ ಅವಸರದಲ್ಲಿ ಆಗುವುದೇ ಇವು. ಯಂತ್ರ ಬೇಡುವ ಕೆಲಸ ಯಂತ್ರ ಇದ್ದವರದು. ಹೆಡ್ ಫೇಸಿಂಗು, ವಾಲ್ವ್ ಸೀಟಿನ ಕೆಲಸಕ್ಕೆ ಐದು ವಾಲ್ವಿನ ಹೆಡ್ ಮುಟ್ಟಿದ ಅನುಭವ ಇದ್ದವರೊಬ್ಬರು ಅಹಮದಾಬಾದಿನ ಓಢವ್ ಕಡೆ ಸಿಕ್ಕರು. ಹಳೆ ಬೆಡ್‌ಶೀಟಿನಲ್ಲಿ ಸುತ್ತಿದ ಹೆಡ್ ಪಕ್ಕದ ಮನೆಯ ಹುಡುಗನ ವ್ಯಾಗನ್‌ಆರ್ ಹತ್ತಿ ಹೋಯಿತು.

ಗುಜರಾತಿನಲ್ಲಿ ಇಂಥ ಮಿಸ್ತ್ರಿಗಳು ಸಿಗುವುದು ಆಶ್ಚರ್ಯವಲ್ಲ. ಮುಂದೆ ಬುಲೆಟ್ಟಿನ ಮೂತಿ, ಹಿಂದೆ ಲಗೇಜಿನ ತೊಟ್ಟಿ, ನಡುವೆ ಡೀಸೆಲ್ ಎಂಜಿನ್ ಕೂರಿಸಿ ಛಕಡೋ ಎನ್ನುವ ಮೂರು ಚಕ್ರದ ಗಾಡಿಯನ್ನು ಓಡಿಸಿದ ನಾಡು ಇದು. ಪೆಟ್ರೋಲ್ ಕಾರಿಗೆ ಸಿಎನ್‌ಜಿ ಕಿಟ್ ಕೂರಿಸುವುದು ಇಲ್ಲಿ ಸೈಕಲ್ ಪಂಕ್ಚರ್ ಹಾಕಿದಷ್ಟೇ ಸಹಜ. ಆದರೆ ಇದೇ ನಾಡಿನಲ್ಲಿ ದೀಪಾವಳಿಗೆ ಮುಚ್ಚಿದ ಅಂಗಡಿ ಲಾಭ ಪಂಚಮಿಗೆ ಮೊದಲು ತೆರೆಯುವುದಿಲ್ಲ. ಹಬ್ಬಕ್ಕೆ ಊರಿಗೆ ಹೋದ ಕೆಲಸಗಾರರು ಅದಕ್ಕೂ ನಾಲ್ಕು ದಿನ ತಡ. ಹೆಡ್ ಅಹಮದಾಬಾದಿನಲ್ಲಿ, ಎಂಜಿನ್ನಿನ ಉಳಿದರ್ಧ ವಡೋದರಾದಲ್ಲಿ ಬಟ್ಟೆ ಹೊದ್ದುಕೊಂಡು. ಸೊಸೈಟಿಯ ಸೆಕ್ರೆಟರಿ ದಿನಾ ಬಂದು ನೋಡಿ ಹೋದರು. ಕೆಳಮನೆಯ ಕಾಕಾ ಮಾತ್ರ ಕುರ್ಚಿ ಹಾಕಿಕೊಂಡು ಕೂತು, ಇಷ್ಟು ದುಡ್ಡಿಗೆ ಹೊಸ ವ್ಯಾಗನ್‌ಆರಿನ ಎಷ್ಟು ಕಂತು ಕಟ್ಟಬಹುದಿತ್ತು ಎಂದು ಬಾಯಲ್ಲೇ ಲೆಕ್ಕ ಹಾಕಿ ಹೇಳುತ್ತಿದ್ದರು.

ಕಾಯುವ ದಿನಗಳು ವ್ಯರ್ಥವಾಗಲಿಲ್ಲ. ಮೌಂಟಿಂಗ್ ಮತ್ತೆ ಕೂರಿಸಿ ಆಯಿಲ್ ಚೇಂಬರ್ ಇಳಿಸಿದರು. ಟರ್ಬೊ ಕೆಂಪಗೆ ಕಾಯುತ್ತದೆ, ಅದರೊಳಗೆ ಹರಿಯುವ ಎಣ್ಣೆ ಸುಟ್ಟು ಕರಿ ಕಟ್ಟುತ್ತದೆ, ಆ ಕರಿ ಚೇಂಬರಿನ ತಳದಲ್ಲಿ ಎಣ್ಣೆ ಹೀರುವ ಜಾಲರಿಗೆ ಮೆತ್ತಿಕೊಳ್ಳುತ್ತದೆ. ಇಲ್ಲೂ ಜಾಲರಿಯ ಅರ್ಧ ಮುಚ್ಚಿಹೋಗಿತ್ತು. ಮೇಲೆ ಎಷ್ಟು ಒಳ್ಳೆಯ ಎಣ್ಣೆ ಹೊಯ್ದರೂ ಈ ಬಾಯಿ ಕಟ್ಟಿದ್ದರೆ ಟರ್ಬೊಗೆ ಉಪವಾಸವೇ. ಇಡೀ ನಾಲ್ಕು ತಿಂಗಳ ಕೆಲಸದಲ್ಲಿ ಕಾರನ್ನು ನಿಜವಾಗಿ ಉಳಿಸಿದ್ದು ಬಹುಶಃ ಇದೊಂದೇ, ಖರ್ಚು ಒಂದು ಟ್ಯೂಬ್ ಸೀಲೆಂಟ್.

ಇನ್ನು ಅಪ್‌ಗ್ರೇಡ್. ಆ ಮಾತು ಕೇಳಿದರೆ ಹುಡುಗರಿಗೆ ನೆನಪಾಗುವುದು ಹಾರ್ಸ್‌ಪವರ್. ಅಹಮದಾಬಾದಿನಲ್ಲಿ 2016ರ ಮೇ 20ರಂದು 48 ಡಿಗ್ರಿ ದಾಖಲಾಗಿತ್ತು. ಅಂಥ ಗಾಳಿಯನ್ನು ಟರ್ಬೊ ಒತ್ತಿದರೆ ಅದು ಇನ್ನೂ ಕಾಯುತ್ತದೆ. ಪೆಟ್ರೋಲು ಅಕಾಲದಲ್ಲಿ ತಾನಾಗಿಯೇ ಸಿಡಿಯುವ ಅಪಾಯ ಕಂಡು ಎಂಜಿನ್ನಿನ ಕಂಪ್ಯೂಟರು ತಾನೇ ಶಕ್ತಿಯನ್ನು ಇಳಿಸುತ್ತದೆ. ಕಾಗದದ ಮೇಲೆ 150 ಇದ್ದದ್ದು ಮೇ ತಿಂಗಳಿನಲ್ಲಿ 150 ಆಗಿ ಉಳಿಯುವುದಿಲ್ಲ. ಗಾಳಿ ತಣಿಸುವ ಇಂಟರ್‌ಕೂಲರ್ ಈ ಕಾರಿನಲ್ಲಿ ಮುಂದಿನ ಬಲ ಚಕ್ರದ ಬಳಿ ಇದೆ. ಇಪ್ಪತ್ತು ವರ್ಷದ ದೂಳು ಅದರ ಎಲೆಗಳ ನಡುವೆ ಸಿಮೆಂಟಿನಂತೆ ಕೂತಿತ್ತು. ಅದನ್ನು ತೊಳೆದದ್ದು, ಬಿರುಕು ಬಿಟ್ಟ ರಬ್ಬರ್ ಪೈಪುಗಳ ಜಾಗಕ್ಕೆ ಸಿಲಿಕೋನಿನವು ಹಾಕಿದ್ದು, ಸೋರುವ ಜಾಗಗಳನ್ನು ಕಂಪ್ರೆಸರ್ ಗಾಳಿ ತುಂಬಿಸಿ ಪಂಕ್ಚರ್ ಅಂಗಡಿಯವರ ಹಾಗೆ ಸೋಪಿನ ನೀರು ಹಚ್ಚಿ ಹುಡುಕಿದ್ದು. ಇವರ ಮಟ್ಟಿಗೆ ಮೊದಲ ಅಪ್‌ಗ್ರೇಡ್ ಇಷ್ಟೇ. ಎರಡನೆಯದು ಪೆಟ್ರೋಲಿನದು. ಈಗ ಬಂಕಿನಲ್ಲಿ ಸಿಗುವುದು ನೂರಕ್ಕೆ ಇಪ್ಪತ್ತು ಎಥೆನಾಲ್ ಬೆರೆತದ್ದು. 2005ರ ರಬ್ಬರ್ ಅದಕ್ಕಾಗಿ ಹುಟ್ಟಿದ್ದಲ್ಲ, ಮೆತ್ತಗಾಗುತ್ತದೆ, ಉಬ್ಬುತ್ತದೆ. ಬಿಸಿ ಟರ್ಬೊದ ಪಕ್ಕದಲ್ಲೇ ಪೆಟ್ರೋಲ್ ಪೈಪು ಸೋರುವುದೆಂದರೆ ಏನು ಎಂದು ರಿಫೈನರಿ ಕಡೆ ಕೆಲಸ ಮಾಡುವವರಿಗೆ ಗೊತ್ತು. ಟ್ಯಾಂಕಿನಿಂದ ಎಂಜಿನ್‌ವರೆಗೆ ರಬ್ಬರ್ ಇದ್ದಲ್ಲೆಲ್ಲ ಎಥೆನಾಲ್ ತಡೆಯುವ ಹೋಸ್ ಬಂತು.

ಆಸೆ ಆದರೂ ಇದ್ದೇ ಇತ್ತು. ಎಂಜಿನ್ ಕಂಪ್ಯೂಟರಿನ ಲೆಕ್ಕ ತಿದ್ದಿ, ಅಂದರೆ ರಿಮ್ಯಾಪ್ ಮಾಡಿ, ಕಳೆದುಹೋದ ಆ ಮೂವತ್ತು ಅಶ್ವಶಕ್ತಿಯನ್ನು ವಾಪಸ್ ಪಡೆಯುವ ಆಸೆ. ಅದಕ್ಕೆ ಸಿಕ್ಕವನು ಸೂರತ್ತಿನ ವರಾಛಾದವನು. ಹಗಲು ವಜ್ರ ಕತ್ತರಿಸುವ ಲೇಸರ್ ಯಂತ್ರಗಳ ಬೋರ್ಡ್ ರಿಪೇರಿ, ಸಂಜೆ ಕಾರುಗಳ ಕಂಪ್ಯೂಟರು. ಕಾರಿನಿಂದ ಬಿಚ್ಚಿದ ಡಬ್ಬಿಯನ್ನು ಸ್ಕೂಲ್ ಬ್ಯಾಗಿನಲ್ಲಿ ಹಾಕಿಕೊಂಡು ರೈಲಿನಲ್ಲಿ ಹೋದರು. ಹುಡುಗ ಭೂತಗನ್ನಡಿಯಲ್ಲಿ ನೋಡಿ ಬಿಟ್ಟುಕೊಂಡಿದ್ದ ಒಂದು ಬೆಸುಗೆ ಸರಿಮಾಡಿದ, ಮೂಲ ಫೈಲನ್ನು ತೆಗೆದು ಪೆನ್‌ಡ್ರೈವಿಗೆ ಹಾಕಿಕೊಟ್ಟ. ಆಮೇಲೆ ಕೇಳಿದ: "ಅಂಕಲ್, ಕ್ಲಚ್ ಪ್ಲೇಟ್ ಯಾವ ಕಾಲದ್ದು?" ಹಳೆಯದೇ. ಹಾಗಿದ್ದರೆ ಎಂಜಿನ್ ಹೆಚ್ಚು ಎಳೆದಷ್ಟೂ ಕ್ಲಚ್ ಜಾರುತ್ತದೆ, ಅದನ್ನು ಹಾಕಿಸಿಕೊಂಡು ಬನ್ನಿ ಎಂದ. ಫಿಟ್‌ನೆಸ್ ತಪಾಸಣೆ ಎದುರಿಗಿತ್ತು. ತಯಾರಕರ ಮೂಲ ವಿವರಕ್ಕೆ ವ್ಯತ್ಯಾಸ ಬರುವಂತೆ ವಾಹನ ಮಾರ್ಪಡಿಸಬಾರದೆಂದು ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನು ಎತ್ತಿಹಿಡಿದಿದೆ. ಆದರೂ ಅವರನ್ನು ತಡೆದದ್ದು ಕಲಮಿಗಿಂತ ಕ್ಲಚ್ಚು ಎನ್ನಬೇಕು. ಡಬ್ಬಿ ಹೋದ ಹಾಗೇ ಮೂವತ್ತು ಕಡಿಮೆಯಲ್ಲೇ ವಾಪಸಾಯಿತು.

ಜೋಡಣೆ ನಡೆದದ್ದು ಡಿಸೆಂಬರಿನ ಚಳಿಯಲ್ಲಿ. ಹೆಡ್ಡಿನ ಹತ್ತೂ ಬೋಲ್ಟ್ ಹೊಸವು; ಒಮ್ಮೆ ಬಿಗಿದಾಗ ಹಿಗ್ಗುವ ಜಾತಿಯವಾದ್ದರಿಂದ ಹಳೆಯವು ಬರುವುದಿಲ್ಲ. ನಡುವಿನಿಂದ ಹೊರಕ್ಕೆ, ಮೊದಲು ಟಾರ್ಕ್ ರೆಂಚಿನ ಲೆಕ್ಕ, ಆಮೇಲೆ ಕೋನದ ಲೆಕ್ಕ. ಬೆಲ್ಟ್ ಕೂರಿಸಿ, ಪ್ಲಗ್ಗುಗಳನ್ನು ತೆಗೆದಿಟ್ಟು, ಎಂಜಿನ್ನನ್ನು ಕೈಯಲ್ಲೇ ಪೂರ್ತಿ ಎರಡು ಸುತ್ತು ತಿರುಗಿಸಿ, ಬಿಳಿ ಬಣ್ಣದ ಗುರುತುಗಳು ಮತ್ತೆ ಎದುರುಬದುರು ಬಂದವೇ ಎಂದು ನೋಡಿದರು. ಆಮೇಲೆ ಇನ್ನೆರಡು ಸುತ್ತು. ಆಮೇಲೆ ಊಟ ಮಾಡಿ ಬಂದು ಮತ್ತೆರಡು. ಕೀಲಿ ತಿರುಗಿಸಿದಾಗ ಎಣ್ಣೆ ಖಾಲಿಯಾಗಿದ್ದ ಟ್ಯಾಪೆಟ್ಟುಗಳು ಮೊದಲು ಜೋರಾಗಿ ಟಕಟಕ ಎಂದವು. ಎಣ್ಣೆ ತುಂಬಿಕೊಂಡಂತೆ ಒಂದೊಂದೇ ಸುಮ್ಮನಾದವು. ಕಾಕಾ ಕುರ್ಚಿಯಿಂದೆದ್ದು ಸೈಲೆನ್ಸರಿನ ಹಿಂದೆ ಹೋಗಿ ನಿಂತರು. ನೀಲಿ ಹೊಗೆ ಇಲ್ಲ, ಚಳಿಗೆ ಬರುವ ಬಿಳಿ ಹಬೆ ಅಷ್ಟೇ.

ಉತ್ತರಾಯಣದ ಹೊತ್ತಿಗೆ 500 ಕಿಲೋಮೀಟರ್ ಓಡಿತ್ತು. ಪಟದ ಗದ್ದಲಕ್ಕೆ ಇಡೀ ಸೊಸೈಟಿ ತಾರಸಿ ಹತ್ತಿದ್ದಾಗ ಅವರು ಕೆಳಗೆ ಎಣ್ಣೆ ಬದಲಿಸಿ, ಹಳೆಯ ಫಿಲ್ಟರನ್ನು ಗರಗಸದಲ್ಲಿ ಕೊಯ್ದು, ಅದರ ಮಡಿಕೆ ಕಾಗದವನ್ನು ಗುಜರಾತಿ ಪೇಪರಿನ ಮೇಲೆ ಹರಡಿ ಬಿಸಿಲಿಗೆ ಹಿಡಿದರು. ಹೊಳೆಯುವ ಲೋಹದ ಚೂರು ಒಂದೂ ಇರಲಿಲ್ಲ. ಫಿಟ್‌ನೆಸ್ಸಿನ ದಿನ ಗೊತ್ತುಮಾಡಿ, ಅದೇ ಸಂಜೆ ಕ್ಲಚ್ ಪ್ಲೇಟಿನ ಬೆಲೆ ವಿಚಾರಿಸಿದರು.