ಸಸಲು ಇಲ್ಲದ ಹೊಳೆ

ನಮ್ಮ ಬೈರಮಂಗಲದ ಸೀಮೆಯಲ್ಲಿ ಮೀನುಸಾರು ಅಂದರೆ ಸಸಲು ಮೀನಿನ ಸಾರು. ಬೆರಳುದ್ದದ, ಬೆಳ್ಳಗೆ ಹೊಳೆಯುವ ಮೀನು. ಮುಂಗಾರಿನ ಹೊಸನೀರು ಬಂದಾಗ ಗದ್ದೆಯ ಮಡೆಗೆ ಹಳೆ ಸೀರೆಯ ತುಂಡು ಒಡ್ಡಿದರೆ ಒಂದು ಹೊತ್ತಿಗಾಗುವಷ್ಟು ಸಿಗುತ್ತಿತ್ತು. ಅವ್ವ ಬೂದಿ ಹಚ್ಚಿ ಒರಟು ಕಲ್ಲಿನ ಮೇಲೆ ಉಜ್ಜುವಳು. ಹುರುಪೆ ಉದುರಿ ಕಲ್ಲೇ ಮಿನುಗುತ್ತಿತ್ತು. ಆಮೇಲೆ ಒಂದೊಂದರ ಹೊಟ್ಟೆಯನ್ನೂ ಹೆಬ್ಬೆರಳಿನ ಉಗುರಿನಿಂದ ಒತ್ತಿ ಕರುಳು ತೆಗೆಯಬೇಕು. ಪಿತ್ತ ಒಡೆದರೆ ಸಾರೆಲ್ಲ ಕಹಿ. ಹುಣಸೆಹುಳಿ ಹಿಂಡಿದ ಆ ಸಾರಿಗೆ ರಾಗಿಮುದ್ದೆ ಅದ್ದಿ, ಮೀನನ್ನು ಮುಳ್ಳು ಸಮೇತ ಅಗಿದು ತಿನ್ನುತ್ತಿದ್ದೆವು. ಮಿಕ್ಕಿದ್ದು ಬಿಸಿಲಿಗೆ ಒಣಗಿ ಮಡಕೆ ಸೇರುತ್ತಿತ್ತು.

ಬೈರಮಂಗಲದ ಕೆರೆಗೆ ನೀರು ತರುವ ವೃಷಭಾವತಿ ಹುಟ್ಟುವುದು ಬೆಂಗಳೂರಿನಲ್ಲೇ. ಮೈಸೂರು ರಸ್ತೆಯ ಪಕ್ಕದಲ್ಲಿ ಹರಿದು, ಕೆಂಗೇರಿ ದಾಟಿ ಕೆರೆಗೆ ಬಂದು, ಮುಂದೆ ಅರ್ಕಾವತಿಯ ಜೊತೆ ಕಾವೇರಿ ಸೇರುತ್ತದೆ. ನಗರ ಬೆಳೆದಂತೆ ಅದಕ್ಕೆ ಕೊಳಚೆ ಬಂತು. ಪೀಣ್ಯದ ಕಡೆಯ ಮೋರಿಗಳಿಂದ ಲೋಹಲೇಪನದ ಕಾರ್ಖಾನೆಗಳ ಕ್ರೋಮಿಯಂ, ನಿಕಲ್, ಸತು, ತಾಮ್ರವೂ ಬಂದವು. ನೀರಿನ ಮೇಲೆ ನೊರೆ ಕಟ್ಟತೊಡಗಿತು.

ಇಂಥ ನೀರಲ್ಲಿ ಮೊದಲ ಏಟು ಸಣ್ಣ ಮೀನಿಗೇ. ಅದರ ಪುಟ್ಟ ಮೈಗೆ ಹೋಲಿಸಿದರೆ ಕಿವಿರಿನ ಹರವು ದೊಡ್ಡದು, ವಿಷ ಒಳನುಗ್ಗುವ ಬಾಗಿಲೂ ಅದೇ. ಕಿವಿರು ಲೋಳೆ ಸುರಿಸುತ್ತದೆ, ಎಳೆಗಳು ಊದಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಮೀನು ಉಸಿರು ಕಟ್ಟಿ ಮೇಲೆ ಬಂದು ಬಾಯಿ ಬಿಡುತ್ತದೆ.

ಸಾಯಿಸದಷ್ಟು ಕಡಿಮೆ ವಿಷವೂ ಸುಮ್ಮನೆ ಬಿಡುವುದಿಲ್ಲ. ಗಾಯಗೊಂಡ ಮೀನಿನ ಚರ್ಮದಿಂದ ಹೊಮ್ಮುವ ವಾಸನೆ ಇಡೀ ಗುಂಪಿಗೆ ಅಪಾಯ ತಿಳಿಸುತ್ತದೆ ಎಂಬುದನ್ನು ಕಾರ್ಲ್ ಫಾನ್ ಫ್ರಿಷ್ 1938ರಲ್ಲೇ ವಿವರಿಸಿದ್ದರು. ಲೀಟರ್ ನೀರಿಗೆ ಕೆಲವೇ ಮೈಕ್ರೊಗ್ರಾಂ ತಾಮ್ರ ಬೆರೆತರೂ ಆ ವಾಸನೆ ಹಿಡಿಯುವ ಮೂಗು ಮಂಕಾಗುತ್ತದೆ. ಕೊರಮೀನು ಎರಗಿದರೂ ಓಡಬೇಕೆಂದು ತಿಳಿಯುವುದಿಲ್ಲ. ಪ್ರಯೋಗಾಲಯದವರು 96 ಗಂಟೆಯಲ್ಲಿ ಅರ್ಧದಷ್ಟು ಮೀನನ್ನು ಕೊಲ್ಲುವ ಪ್ರಮಾಣ ಎಷ್ಟೆಂದು ಅಳೆಯುತ್ತಾರೆ. ಹೊಳೆಯ ಮೀನಾದರೋ ಮೊಟ್ಟೆಯಾಗಿದ್ದಾಗಿನಿಂದ ಆ ನೀರಲ್ಲೇ ಇರಬೇಕು.

ಬೆಂಗಳೂರಿನ ಕೆಟ್ಟ ಕೆರೆಗಳಲ್ಲೂ ಮೀನಿದೆಯಲ್ಲ ಎನ್ನುವವರಿದ್ದಾರೆ. ಇದೆ, ಜಿಲೇಬಿ ಮೀನು ಇದೆ. ನಿಷೇಧವಿದ್ದರೂ ಹಬ್ಬಿದ ಆಫ್ರಿಕನ್ ಕ್ಯಾಟ್‌ಫಿಶ್ ಇದೆ. ಕ್ಯಾಟ್‌ಫಿಶ್ ನೀರಲ್ಲಿ ಉಸಿರು ಸಾಲದಿದ್ದರೆ ಮೇಲೆ ಬಂದು ಗಾಳಿಯನ್ನೇ ಕುಡಿಯಬಲ್ಲದು. ಅದು ಬದುಕಿದೆ ಎಂದು ಹೊಳೆಯೂ ಬದುಕಿದೆ ಅನ್ನಲಾಗದು.

ಬೆಳೆ ಹೋದರೆ ಎಕರೆಯ ಲೆಕ್ಕ ಹಾಕಬಹುದು, ಹಸು ಸತ್ತರೆ ಬೆಲೆ ಕಟ್ಟಬಹುದು. ಸಸಲಿಗೆ ಸಂತೆಯಲ್ಲಿ ಧಾರಣೆಯೇ ಇರಲಿಲ್ಲ. ಹಾಗಾಗಿ ಅದು ಹೋದದ್ದು ಯಾವ ಖಾತೆಯಲ್ಲೂ ನಷ್ಟವೆಂದು ಬರೆದಿಲ್ಲ. ಕೈಯಲ್ಲಿ ಕಾಸಿಲ್ಲದ ದಿನವೂ ಮೀನುಸಾರು ಉಣ್ಣುತ್ತಿದ್ದ ಮನೆಯವರು ಈಗ ಕಾಸಿದ್ದರೆ ಮಾತ್ರ ಉಣ್ಣುತ್ತಾರೆ, ಅದೂ ಲಾರಿಯಲ್ಲಿ ಐಸು ತುಂಬಿ ಬಂದ ಮೀನನ್ನು.