ಹೊಗೆಗೆ ಎರಡು ದಾರಿ

ಬೆಂಕಿಯಿಲ್ಲದೆ ಹೊಗೆಯಾಡುವುದಿಲ್ಲ ಎನ್ನುತ್ತಾರೆ ಹಿರಿಯರು. ಆ ಹೊಗೆ ಆಮೇಲೆ ಎಲ್ಲಿಗೆ ಹೋಗುತ್ತದೆ? ಒಂದು ಪಾಲು ನಮ್ಮ ಎದೆಯೊಳಕ್ಕೆ ಇಳಿಯುತ್ತದೆ. ಇನ್ನೊಂದು ಪಾಲು ಆಕಾಶಕ್ಕೇರುತ್ತದೆ. ಮೊದಲನೆಯದನ್ನು ಡಾಕ್ಟರರಿಗೂ ಎರಡನೆಯದನ್ನು ಹವಾಮಾನ ತಜ್ಞರಿಗೂ ಬಿಟ್ಟು ನಾವು ಸುಮ್ಮನಿದ್ದೇವೆ.

ನನ್ನ ಅಮ್ಮ ನಲವತ್ತು ವರ್ಷ ಸೌದೆ ಒಲೆಯ ಮುಂದೆ ಕುಳಿತವರು. ಮಳೆಗಾಲದಲ್ಲಿ ಹಸಿ ಸೌದೆ ಹತ್ತದೆ, ಊದುಗೊಳವೆ ಹಿಡಿದು ಕಣ್ಣು ಕೆಂಪಗಾಗುವ ತನಕ ಊದುತ್ತಿದ್ದರು. ನಾವು ಮಕ್ಕಳು ಅಲ್ಲೇ ಬೆಚ್ಚಗೆ ಕುಳಿತು ಓದುತ್ತಿದ್ದೆವು. ಮುಂದೆ ಅವರಿಗೆ ದಮ್ಮು ಹೆಚ್ಚಾದಾಗ ಡಾಕ್ಟರರು ಕೇಳಿದ ಮೊದಲ ಪ್ರಶ್ನೆ: ‘ಮನೆಯಲ್ಲಿ ಯಾವ ಒಲೆ?’ ಬೀಡಿ ಮುಟ್ಟದವರಿಗೂ ಬೀಡಿ ಸೇದುವವರ ಕಾಯಿಲೆ ಬರಬಹುದೆಂದು ನಮಗೆ ತಿಳಿದದ್ದು ಅಂದು. ಗ್ಯಾಸ್ ಒಲೆ ಬಂದ ಮೇಲೆ ಕೆಮ್ಮು ಕಡಿಮೆಯಾಯಿತು. ಕಳೆದುಹೋದ ಉಸಿರು ಮಾತ್ರ ಮರಳಲಿಲ್ಲ.

ಹೊಗೆಯಲ್ಲಿ 2.5 ಮೈಕ್ರಾನಿಗಿಂತ ಸಣ್ಣ ಕಣಗಳಿರುತ್ತವೆ. ತಲೆಗೂದಲು ಇವುಗಳಿಗಿಂತ ಸುಮಾರು 30 ಪಟ್ಟು ದಪ್ಪ. ಅವು ಶ್ವಾಸಕೋಶದ ಆಳಕ್ಕಿಳಿದು ರಕ್ತವನ್ನೂ ಸೇರಿ, ಹೃದಯಾಘಾತ, ಪಾರ್ಶ್ವವಾಯುಗಳಿಗೂ ಕಾರಣವಾಗುತ್ತವೆ. 2020ರಲ್ಲಿ ಮನೆಯೊಳಗಿನ ಹೊಗೆಯಿಂದ ಜಗತ್ತಿನಲ್ಲಿ 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ.

ಅದೇ ಹೊಗೆಯ ಕಪ್ಪು ಮಸಿ ಬಿಸಿಲನ್ನು ಹೀರಿ ಗಾಳಿಯನ್ನು ಕಾಯಿಸುತ್ತದೆ. ಹಿಮಾಲಯದ ಹಿಮದ ಮೇಲೆ ಬಿದ್ದರೆ ಅದನ್ನು ಬೇಗ ಕರಗಿಸುತ್ತದೆ. ಆದರೆ ಈ ಮಸಿ ಗಾಳಿಯಲ್ಲಿರುವುದು ಕೆಲವು ದಿನ, ಹೆಚ್ಚೆಂದರೆ ಒಂದೆರಡು ವಾರ. ಇಂಗಾಲದ ಡೈಆಕ್ಸೈಡಾದರೋ ಶತಮಾನಗಳ ಕಾಲ ಉಳಿಯುತ್ತದೆ. ಹೀಗಾಗಿ ಮಸಿಯನ್ನು ತಡೆದರೆ ಫಲ ಬೇಗ. ಡೈಆಕ್ಸೈಡನ್ನು ತಡೆಯುವ ಕೆಲಸವೂ ಜೊತೆಜೊತೆಗೇ ನಡೆಯಬೇಕು.

ಇದನ್ನು ಕೇಳಿದ ನನ್ನ ಮಗಳು, ‘ಹಾಗಾದರೆ ಇದು ವಿಜ್ಞಾನದ ಪಾಠವೋ, ಸಮಾಜದ ಪಾಠವೋ?’ ಎಂದಳು. ಸರ್ಕಾರಕ್ಕೂ ಕೇಳಬೇಕಾದ ಪ್ರಶ್ನೆ. ಹವಾಮಾನ ಬದಲಾವಣೆಯ ರಾಷ್ಟ್ರೀಯ ಕಾರ್ಯಯೋಜನೆ ಬಂದದ್ದು 2008ರಲ್ಲಿ, ಉಜ್ವಲಾ ಗ್ಯಾಸ್ 2016ರಲ್ಲಿ, ಶುದ್ಧ ಗಾಳಿಯ ರಾಷ್ಟ್ರೀಯ ಕಾರ್ಯಕ್ರಮ 2019ರಲ್ಲಿ. ಮೂರಕ್ಕೂ ಬೇರೆ ಬೇರೆ ಕಡತ. ಸಿಲಿಂಡರ್ ತುಂಬಿಸಲು ದುಡ್ಡಿಲ್ಲದೆ ಬಡವರು ಮತ್ತೆ ಸೌದೆಗೆ ಮರಳಿದರೆ ಮೂರೂ ಯೋಜನೆಗಳು ಸೋತಂತೆಯೇ.

ಪರಿಹಾರವನ್ನು ಅಳೆಯುವ ಬಗೆ ಸರಳ. ಹೊಗೆಯನ್ನು ಹೊರಗಟ್ಟುವ ಕೊಳವೆಯೊಂದನ್ನೇ ಇಟ್ಟರೆ ಅಡುಗೆಮನೆಗೆ ಸುಖ, ಊರಿಗಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ‘ಅಸ್ತ್ರ’ ಒಲೆಯಲ್ಲಿ ಕೊಳವೆಯೂ ಇತ್ತು, ಸೌದೆಯ ಉಳಿತಾಯವೂ ಇತ್ತು. ಎದೆಗೂ ಆಕಾಶಕ್ಕೂ ಒಟ್ಟಿಗೇ ಒಳ್ಳೆಯದಾಗುವಂಥದ್ದನ್ನೇ ಮೊದಲು ಆರಿಸಬೇಕು.

ಅಡುಗೆಮನೆಗೆ ಗ್ಯಾಸ್ ಬಂದರೂ ಹಳ್ಳಿಗಳ ಎಷ್ಟೋ ಬಚ್ಚಲ ಒಲೆಗಳಲ್ಲಿ ಇನ್ನೂ ಹೊಗೆಯಾಡುತ್ತಿದೆ. ಹಂಡೆ ಕಾಯಿಸಲು ತರಗೆಲೆಯೊಂದಿಗೆ ಪ್ಲಾಸ್ಟಿಕ್ ಕವರುಗಳೂ ಬೇಯುತ್ತವೆ. ಮಕ್ಕಳೇ, ನಾಳೆ ಬೆಳಿಗ್ಗೆ ನಿಮ್ಮ ಹಿತ್ತಲಿನ ಹೊಗೆ ಯಾವ ಕಡೆಗೆ ಹೋಗುತ್ತದೆಂದು ನೋಡಿ. ಅಲ್ಲಿ ಯಾರದೋ ಮನೆಯ ಕಿಟಕಿ ತೆರೆದಿರುತ್ತದೆ.